ತಾಳಿಯ ಹವಳ, ನೇತ್ರಾಣಿಯ ಹವಳ

ನಾನು ರಾಮನಗರದವನು. ನಮ್ಮೂರ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಊರಿನ ಹಳೆಯ ಹೆಸರಿನಿಂದ ಆ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರೇ ನಿಂತುಬಿಟ್ಟಿದೆ. ಇಂಥ ಬಂಡೆಗಳ ನಡುವೆ ಬೆಳೆದವನಿಗೆ ಕಲ್ಲೆಂದರೆ ಜಡವಸ್ತುವೇ ಸರಿ. ಕಲ್ಲಿಗೂ ಜೀವವಿರಬಹುದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಕಳೆದ ಡಿಸೆಂಬರಿನಲ್ಲಿ ಆ ನಗು ಅಡಗಿತು.

ಮುರುಡೇಶ್ವರದಿಂದ ಪಶ್ಚಿಮಕ್ಕೆ, ಸುಮಾರು 19 ಕಿಲೋಮೀಟರ್ ದೂರದ ಕಡಲಿನಲ್ಲಿ, ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಗೆಳೆಯರ ಒತ್ತಾಯಕ್ಕೆ ಅಲ್ಲಿಗೆ ಹೋದೆ. ಮುಖಕ್ಕೆ ಗಾಜಿನ ಮುಸುಕು, ಬಾಯಿಗೆ ಉಸಿರಾಟದ ಕೊಳವೆ, ಎದೆಗೆ ಲೈಫ್ ಜಾಕೆಟ್. ಈಜು ಬಾರದ ಕನ್ನಡ ಮೇಷ್ಟರನ್ನು ಹೀಗೆ ಸಿಂಗರಿಸಿ ದೋಣಿಯಿಂದಲೇ ನೀರಿಗಿಳಿಸಿದರು. ತಲೆ ಬಗ್ಗಿಸಿ ನೋಡಿದೆ. ಕಂದು, ಬೂದು, ತಿಳಿಹಸಿರು ಬಣ್ಣದ ಗುಂಡುಗಳು. ಅವುಗಳ ಸುತ್ತ ಮೀನುಗಳ ಸಂತೆ. ಹವಳವೆಂದರೆ ಇದೇ ಎಂದರು. ಆದರೆ ಕೆಂಪು ಎಲ್ಲಿ?

ನಮ್ಮಂಥವರಿಗೆ ಹವಳವೆಂದರೆ ಕಾವ್ಯದ ನಾಯಿಕೆಯ ತುಟಿ. ಸಂಸ್ಕೃತದ ‘ಪ್ರವಾಳ’ ತದ್ಭವವಾಗಿ ‘ಪವಳ’, ಪಕಾರವು ಹಕಾರವಾಗಿ ‘ಹವಳ’. ಪಾಠ ಹೇಳುವಾಗ ಇಷ್ಟಕ್ಕೇ ನಿಲ್ಲಿಸುತ್ತಿದ್ದೆ. ಮನೆಯಲ್ಲಿ ನೋಡಿದ್ದು, ನಮ್ಮ ತಾಯಿಯ ತಾಳಿಯಲ್ಲಿ ಕರಿಮಣಿಯ ನಡುವೆ ಕೋದ ಎರಡು ಕೆಂಪು ಮಣಿ. ಆ ಕೆಂಪು ಹವಳದ ಹಳೆಯ ತವರು ಮೆಡಿಟರೇನಿಯನ್ ಸಮುದ್ರ. ನಮಗೆ ಮುತ್ತು ಎಷ್ಟು ಪ್ರಿಯವೋ ಭಾರತೀಯರಿಗೆ ಹವಳ ಅಷ್ಟೇ ಪ್ರಿಯವೆಂದು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಭಟ್ಕಳದ ಪೇಟೆಯ ಸರಕುಗಳನ್ನು ಹೆಸರಿಸುವಾಗ ಪಾದರಸ, ದಂತಗಳ ಜೊತೆಗೆ ಹವಳವನ್ನೂ ಸೇರಿಸುತ್ತಾನೆ. 17, 18ನೆಯ ಶತಮಾನಗಳಲ್ಲಿ ಇಟಲಿಯ ಲಿವೋರ್ನೋ ನಗರದ ಯಹೂದಿ ವರ್ತಕರು ಗೋವೆಗೆ ಹವಳ ಕಳಿಸಿ, ಬದಲಿಗೆ ನಮ್ಮ ನಾಡಿನ ವಜ್ರವನ್ನು ಒಯ್ದರು. ವಜ್ರ ಕೊಟ್ಟು ಹವಳ ಕೊಂಡ ಜನ ನಾವು!

ಭಟ್ಕಳದ ಪೇಟೆಯಲ್ಲಿ ದೂರದ ಹವಳಕ್ಕೆ ಬೆಲೆ ಕಟ್ಟುತ್ತಿದ್ದಾಗ, ಅದೇ ಕಡಲಿನ ನೇತ್ರಾಣಿಯಲ್ಲಿ ಇನ್ನೊಂದು ಜಾತಿಯ ಹವಳ ತನ್ನಷ್ಟಕ್ಕೆ ಬೆಳೆಯುತ್ತಿತ್ತು. ಅದನ್ನು ನಾವು ಹೇಗೆ ಕಂಡೆವು? 1883ರ ಮುಂಬಯಿ ಪ್ರಾಂತದ ಗೆಜೆಟಿಯರ್, ಕೆನರಾ ಸಂಪುಟದಲ್ಲಿ, ಈ ದ್ವೀಪದ ದಡದ ಬಿಳಿ ಹವಳವನ್ನೂ ಸುಣ್ಣವನ್ನೂ ದೋಣಿಯವರು ಒಯ್ಯುತ್ತಿದ್ದುದನ್ನು ಹೇಳುತ್ತದೆ. ಮುಂದೆ ನಮ್ಮ ನೌಕಾಪಡೆ ಇದೇ ದ್ವೀಪವನ್ನು ಗುಂಡಿನ ಗುರಿಯಾಗಿ ಬಳಸಿತು. ಈಗ ನಮ್ಮಂಥ ಪ್ರವಾಸಿಗರ ಸರದಿ.

ಹವಳವನ್ನು ಕಟ್ಟುವ ಜೀವಿ ಎಷ್ಟೋ ಜಾತಿಗಳಲ್ಲಿ ರಾಗಿಕಾಳಿಗಿಂತ ದೊಡ್ಡದಲ್ಲ. ಅದರ ಮೈಯೊಳಗೆ ಸೂಕ್ಷ್ಮ ಪಾಚಿ ಬಾಡಿಗೆಗಿದ್ದು, ಬಿಸಿಲಿನಿಂದ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತದೆ. ಆದ್ದರಿಂದ ಅದಕ್ಕೆ ತಿಳಿನೀರು, ಬೆಳಕು ಬೇಕೇಬೇಕು. ಮಳೆಗಾಲದಲ್ಲಿ ಸಹ್ಯಾದ್ರಿಯ ಹೊಳೆಗಳು ಕೆಸರನ್ನೂ ಸಿಹಿನೀರನ್ನೂ ಕಡಲಿಗೆ ಸುರಿಯುವ ನಮ್ಮ ಕರಾವಳಿಯ ಅಂಚಿನಲ್ಲಿ ಅದು ಬದುಕುವುದು ಕಷ್ಟ. ದೂರದ ನೇತ್ರಾಣಿ ಅದಕ್ಕೆ ಆಸರೆಯಾಯಿತು. ಗುಂಡುಹವಳ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು. ಮೊಣಕಾಲೆತ್ತರದ ಗುಂಡಿಗೆ ಒಬ್ಬ ಮನುಷ್ಯನ ಅರ್ಧ ಆಯುಷ್ಯ ಬೇಕು.

ಇಷ್ಟೆಲ್ಲ ಆಮೇಲೆ ಓದಿ ತಿಳಿದದ್ದು. ಅಂದು ನೀರಿನಲ್ಲಿ ದಣಿದ ನಾನು ಹತ್ತಿರದ ಗುಂಡೊಂದರ ಮೇಲೆ ಕಾಲೂರಲು ಹೋದೆ. ಜೊತೆಗಿದ್ದ ಹುಡುಗ ತೋಳು ಹಿಡಿದು ಎಳೆದ. ಮೇಲೆ ಬಂದ ಮೇಲೆ, “ಅದು ಕಲ್ಲಲ್ಲ ಸರ್, ಜೀವ ಉಂಟು” ಎಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಇಂಥ ಹವಳಗಳೂ ಸೇರಿವೆ. ಆದರೆ ಆ ನಡುಗಡಲಿನಲ್ಲಿ ನನ್ನ ಕಾಲನ್ನು ತಡೆದದ್ದು ಕಾಯಿದೆಯಲ್ಲ, ಆ ಹುಡುಗನ ಕೈ.

ಊರಿಗೆ ಬಂದ ಮೇಲೆ ತರಗತಿಯಲ್ಲಿ ಮತ್ತೆ ಹವಳದುಟಿಯ ಪದ್ಯ ಬಂತು. ತದ್ಭವದ ಸೂತ್ರ ಹೇಳಿದೆ. ಆಮೇಲೆ ಪುಸ್ತಕ ಮುಚ್ಚಿಟ್ಟು, ನೇತ್ರಾಣಿಯ ಆ ಕಂದುಬಣ್ಣದ ಗುಂಡುಗಳ ಕಥೆಯನ್ನೂ ಹೇಳಿದೆ.