ರೋಜಾ: ನೀರು–ಉಪ್ಪಿನ ಲೆಕ್ಕ

2015ರ ಜೂನ್ 20. ಪಾಕಿಸ್ತಾನದ ಕರಾಚಿಯಲ್ಲಿ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಏರಿತು. ರಂಜಾನ್ ತಿಂಗಳು ಆಗಷ್ಟೇ ಆರಂಭವಾಗಿತ್ತು. ಸಮುದ್ರದ ಗಾಳಿ ನಿಂತುಹೋಗಿತ್ತು, ವಿದ್ಯುತ್ತೂ ಕೈಕೊಟ್ಟಿತ್ತು. ಕೆಲವೇ ದಿನಗಳಲ್ಲಿ ಆ ನಗರದಲ್ಲಿ 1,200ಕ್ಕೂ ಹೆಚ್ಚು ಮಂದಿ ಸತ್ತರು. ಇದಕ್ಕೆ ಉಪವಾಸವೊಂದೇ ಕಾರಣವಲ್ಲ, ನಿಜ. ಆದರೆ ಹಗಲಿಡೀ ನೀರು ಕುಡಿಯದೆ ಬಿಸಿಲಿನಲ್ಲಿ ದುಡಿಯುವವರಿಗೆ ಅಪಾಯ ಹೆಚ್ಚು ಎಂಬುದು ಸ್ಪಷ್ಟವಾಗಿತ್ತು. ಜೀವಕ್ಕೆ ಅಪಾಯವಿದ್ದರೆ ಉಪವಾಸ ಮುರಿಯಬಹುದೆಂದು ಅಲ್ಲಿನ ಧರ್ಮಗುರುಗಳೇ ಸಾರಿದರು.

ರೋಜಾ ಆಚರಿಸುವವರ ದೇಹದಲ್ಲಿ ನೀರು ಮತ್ತು ಲವಣಗಳ ಸಮತೋಲ ಉಳಿಯುವುದು ಹೇಗೆ? ಅದು ತಪ್ಪುವುದು ಯಾವಾಗ? ಇದನ್ನು ವಿಜ್ಞಾನ ಅರಿತುಕೊಂಡ ಬಗೆ ಕುತೂಹಲಕರವಾಗಿದೆ.

ಸುತ್ತುವ ತಿಂಗಳು

ಇಸ್ಲಾಮಿ ಪಂಚಾಂಗ ಚಾಂದ್ರಮಾನದ್ದು. ಅದರ ವರ್ಷಕ್ಕೆ 354 ಅಥವಾ 355 ದಿನಗಳು. ಅಧಿಕ ಮಾಸ ಇಲ್ಲವಾದ್ದರಿಂದ ರಂಜಾನ್ ಪ್ರತಿ ವರ್ಷವೂ 10–11 ದಿನ ಹಿಂದೆ ಸರಿಯುತ್ತದೆ. ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2019ರಿಂದ 2022ರವರೆಗೆ ಅದು ಏಪ್ರಿಲ್–ಮೇ ತಿಂಗಳುಗಳ ಆಸುಪಾಸಿನಲ್ಲಿ ಬಂದಿತ್ತು. ಕಲಬುರಗಿ, ರಾಯಚೂರುಗಳ ಕಡೆಯವರಿಗೆ ಆ ದಿನಗಳ ಬಿಸಿಲನ್ನು ವಿವರಿಸಬೇಕಾಗಿಲ್ಲ. 2026ರಲ್ಲಿ ರಂಜಾನ್ ಆರಂಭವಾದದ್ದು ಫೆಬ್ರುವರಿಯಲ್ಲಿ. ಚಳಿಗಾಲದ ರೋಜಾದ ಅನುಭವವನ್ನು ಬೇಸಿಗೆಗೆ ಹಾಗೆಯೇ ಅನ್ವಯಿಸಲಾಗದು.

ಅಣೆಕಟ್ಟಿನಿಂದ ಮರುಭೂಮಿಗೆ

ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೊದಲಾದ ಅಯಾನುಗಳನ್ನು ಎಲೆಕ್ಟ್ರೊಲೈಟ್‌ಗಳೆಂದು ಕರೆಯುತ್ತೇವೆ. ನರಗಳ ಸಂದೇಶಕ್ಕೂ ಸ್ನಾಯುಗಳ ಸಂಕೋಚನಕ್ಕೂ ಇವು ಬೇಕೇಬೇಕು. ಬೆವರಿನ ಮೂಲಕ ಇವು ನಷ್ಟವಾಗುವುದರ ಪರಿಣಾಮ ಮೊದಲು ಗಮನಕ್ಕೆ ಬಂದದ್ದು ಶ್ರಮಿಕರಲ್ಲಿ. 1932ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ತಜ್ಞರು ಹೂವರ್ ಅಣೆಕಟ್ಟಿನ ಕೆಲಸಗಾರರನ್ನು ಪರೀಕ್ಷಿಸಿದರು. ಸುಡುವ ಬಿಸಿಲಿನಲ್ಲಿ ದುಡಿಯುತ್ತಿದ್ದ ಅವರ ಸ್ನಾಯುಸೆಳೆತಕ್ಕೆ ಉಪ್ಪಿನ ಕೊರತೆಯೇ ಕಾರಣ ಎಂದು ಕಂಡುಕೊಂಡರು. ಅದೇ ದಶಕದಲ್ಲಿ ಲಂಡನ್ನಿನ ಆರ್. ಎ. ಮೆಕಾನ್ಸ್ ತನ್ನನ್ನೂ ಕೆಲವು ಸ್ವಯಂಸೇವಕರನ್ನೂ ಪ್ರಯೋಗಕ್ಕೆ ಒಡ್ಡಿ, ಉಪ್ಪಿಲ್ಲದ ಆಹಾರ ತಿಂದು ದಿನವೂ ಬೆವರು ಸುರಿಸಿದರು. ಊಟ ರುಚಿಸದೆ, ದೇಹ ಬಳಲಿ, ಸ್ನಾಯುಗಳು ಸೆಳೆತಕ್ಕೊಳಗಾದವು. ಉಪ್ಪು ಸೇವಿಸುತ್ತಲೇ ಚೇತರಿಕೆಯಾಯಿತು.

ಇನ್ನೊಂದು ಮುಖ್ಯ ಪಾಠ ಬಂದದ್ದು ಮರುಭೂಮಿಯಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇ. ಎಫ್. ಅಡಾಲ್ಫ್ ಮತ್ತು ಸಂಗಡಿಗರು ಅಮೆರಿಕದ ಸೈನಿಕರನ್ನು ಅಧ್ಯಯನ ಮಾಡಿ, ಫಲಿತಾಂಶಗಳನ್ನು 1947ರಲ್ಲಿ ಪುಸ್ತಕವಾಗಿ ತಂದರು. ನೀರು ಕಡಿಮೆ ಕುಡಿದರೆ ದೇಹ ಕಡಿಮೆ ಬೆವರುತ್ತದೆ ಎಂಬ ನಂಬಿಕೆ ಸುಳ್ಳೆಂದು ಅವರು ತೋರಿಸಿದರು. ನೀರು ಕೈಗೆಟಕುವಂತಿದ್ದರೂ ಸೈನಿಕರು ನಷ್ಟವಾದಷ್ಟನ್ನು ಕುಡಿಯುತ್ತಿರಲಿಲ್ಲ; ಕೊರತೆ ತುಂಬಿಕೊಳ್ಳುತ್ತಿದ್ದದ್ದು ಊಟದ ಹೊತ್ತಿನಲ್ಲಿ. ರೋಜಾಕ್ಕೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

ಮೂತ್ರಪಿಂಡದ ಕಾವಲು

ಉಪವಾಸಿಗಳ ಮೇಲಿನ ಅಧ್ಯಯನ ಬಂದದ್ದು ತಡವಾಗಿ. 1978ರಲ್ಲಿ ಸೂಡಾನಿನ ಸಂಶೋಧಕರು ರಂಜಾನ್ ಕಾಲದ ನೀರು–ಲವಣ ಸಮತೋಲವನ್ನು ಕುರಿತು ಬ್ರಿಟಿಷ್ ನಿಯತಕಾಲಿಕವೊಂದರಲ್ಲಿ ಪ್ರಬಂಧ ಪ್ರಕಟಿಸಿದರು. 2003ರಲ್ಲಿ ಲೈಪರ್ ಮತ್ತು ಮೊಲ್ಲಾ ಅಂದಿನವರೆಗಿನ ಅಧ್ಯಯನಗಳನ್ನು ಪರಿಶೀಲಿಸಿದರು. ರಂಜಾನಿನಲ್ಲಿ ಉಂಟಾಗಬಹುದಾದ ಪ್ರಮಾಣದ ನೀರಿನ ಕೊರತೆಯಿಂದ ಆರೋಗ್ಯಕ್ಕೆ ನೇರ ಹಾನಿಯಾದುದಕ್ಕೆ ಅವರಿಗೆ ಪುರಾವೆ ಕಾಣಲಿಲ್ಲ.

ಇದರ ಶ್ರೇಯಸ್ಸು ಮೂತ್ರಪಿಂಡಗಳಿಗೆ ಸಲ್ಲಬೇಕು. ನೀರು ಕಡಿಮೆಯಾದಾಗ ಮಿದುಳಿನಿಂದ ವಾಸೊಪ್ರೆಸ್ಸಿನ್ ಹಾರ್ಮೋನು ಸ್ರವಿಸುತ್ತದೆ. ಆಗ ಮೂತ್ರಪಿಂಡಗಳು ಮೂತ್ರವನ್ನು ರಕ್ತದ ಸುಮಾರು ನಾಲ್ಕು ಪಟ್ಟು ಸಾಂದ್ರಗೊಳಿಸಿ ನೀರನ್ನು ಉಳಿಸುತ್ತವೆ. ಮತ್ತೊಂದು ಹಾರ್ಮೋನು, ಆಲ್ಡೊಸ್ಟಿರೋನ್, ಸೋಡಿಯಂ ಅನ್ನು ತಡೆಹಿಡಿಯುತ್ತದೆ. ನೆರಳಿನಲ್ಲಿರುವ ಆರೋಗ್ಯವಂತರಿಗೆ ಈ ಕಾವಲು ಸಾಕು. ಬಿಸಿಲಿನಲ್ಲಿ ದುಡಿಯುವವರ ಲೆಕ್ಕ ಬೇರೆ. ಅವರು ಗಂಟೆಗೆ ಒಂದು ಲೀಟರಿನಷ್ಟು ಬೆವರಬಹುದು. ಅದರೊಡನೆ ಸಾಮಾನ್ಯವಾಗಿ ಒಂದರಿಂದ ಮೂರು ಗ್ರಾಂ ಉಪ್ಪು ಹೋಗುತ್ತದೆ. ಬೆವರಿನ ನಷ್ಟವನ್ನು ಮೂತ್ರಪಿಂಡ ತಡೆಯಲಾರದು.

ಢಾಕಾದ ಕೊಡುಗೆ

1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮತ್ತು ಸಂಗಡಿಗರು ಗ್ಲೂಕೋಸ್ ಬೆರೆತ ಲವಣಜಲವನ್ನು ಬಾಯಿಯ ಮೂಲಕ ಕೊಟ್ಟು ಕಾಲರಾ ರೋಗಿಗಳನ್ನು ಉಳಿಸಬಹುದೆಂದು ತೋರಿಸಿದರು. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ತನ್ನೊಡನೆ ಸೋಡಿಯಂ ಅನ್ನೂ ಕರೆದೊಯ್ಯುತ್ತದೆ. ನೀರು ಅವುಗಳನ್ನು ಹಿಂಬಾಲಿಸುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಡಾ. ದಿಲೀಪ್ ಮಹಾಲನಬಿಸ್ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ಅದೇ ಇಂದಿನ ಓಆರ್‌ಎಸ್.

ಇಫ್ತಾರಿನ ಖರ್ಜೂರ, ಗಂಜಿಗಳಲ್ಲಿಯೂ ಇದೇ ತತ್ತ್ವವಿದೆ. ಖರ್ಜೂರದಲ್ಲಿ ಸಕ್ಕರೆ ಮತ್ತು ಪೊಟ್ಯಾಸಿಯಂ, ಗಂಜಿಯಲ್ಲಿ ಪಿಷ್ಟ, ಉಪ್ಪು ಮತ್ತು ನೀರು. ಆರೋಗ್ಯವಂತರಿಗೆ ಬೇಕಾದ ಎಲೆಕ್ಟ್ರೊಲೈಟ್‌ಗಳು ಊಟದಲ್ಲೇ ಸಿಗುತ್ತವೆ. ಉಪ್ಪಿನ ಮಾತ್ರೆ ಬೇಡ.

ಪಾಲಿಸಬೇಕಾದುದು

ನೀರನ್ನು ಇಫ್ತಾರಿನಿಂದ ಸೆಹ್ರಿಯವರೆಗೆ ಹಂಚಿಕೊಂಡು ಕುಡಿಯಬೇಕು. ಸೆಹ್ರಿಯ ಕೊನೆಗಳಿಗೆಯಲ್ಲಿ ಒಮ್ಮೆಲೇ ಕುಡಿದ ನೀರಿನ ಬಹುಪಾಲು ಬೇಗ ಮೂತ್ರವಾಗಿ ಹೋಗುತ್ತದೆ. ಸೆಹ್ರಿಯನ್ನು ತಪ್ಪಿಸಬಾರದು. ಮೊಸರು, ಹಣ್ಣು, ಬೇಳೆ ಇರಲಿ. ಉಪ್ಪಿನಕಾಯಿ, ಕರಿದ ತಿಂಡಿ ಮಿತಿಯಲ್ಲಿರಲಿ. ಹೆಚ್ಚು ಬೆವರಿದವರು ಸಂಜೆ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಸಾರು ಕುಡಿಯಬಹುದು.

ಓಆರ್‌ಎಸ್ ಮುಖ್ಯವಾಗಿ ಭೇದಿಗೆ ಮದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿನಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರು ಬೆರೆಸಬೇಕು. ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳಿಗೆ ಆ ಹೆಸರು ಬಳಸಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು.

ಮೂತ್ರಪಿಂಡದ ರೋಗಿಗಳಿಗೆ ಖರ್ಜೂರದ ಪೊಟ್ಯಾಸಿಯಂ ಕೂಡ ಅಪಾಯಕಾರಿಯಾಗಬಹುದು. ಅವರು, ಮಧುಮೇಹಿಗಳು, ಹೃದ್ರೋಗಿಗಳು ಮತ್ತು ಮೂತ್ರವರ್ಧಕ ಮಾತ್ರೆ ನುಂಗುವವರು ರಂಜಾನ್‌ಗೆ ಕೆಲವು ವಾರ ಮೊದಲೇ ವೈದ್ಯರನ್ನು ಕಾಣಬೇಕು. ತಲೆಸುತ್ತು, ಗೊಂದಲ, ವಾಂತಿ, ತೀವ್ರ ಸ್ನಾಯುಸೆಳೆತ ಕಂಡರೆ ಸಂಜೆಯವರೆಗೆ ಕಾಯಬಾರದು. ನೆರಳಿಗೆ ಕರೆತಂದು, ಮೈ ತಣಿಸಿ, ಎಚ್ಚರವಿದ್ದರೆ ದ್ರವ ಕುಡಿಸಿ ಆಸ್ಪತ್ರೆಗೆ ಸಾಗಿಸಬೇಕು.

ಕಾಯಿಲೆಯವರಿಗೂ ಪ್ರಯಾಣಿಕರಿಗೂ ಕುರಾನಿನ ಎರಡನೆಯ ಅಧ್ಯಾಯವೇ ವಿನಾಯಿತಿ ನೀಡಿದೆ. ಬಿಟ್ಟ ದಿನಗಳನ್ನು ಮುಂದೆ ಪೂರೈಸಬಹುದು. ಕರಾಚಿಯ ಧರ್ಮಗುರುಗಳು ಸಾರಿದ್ದಕ್ಕೂ ಶರೀರಕ್ರಿಯಾ ವಿಜ್ಞಾನ ಹೇಳುವುದಕ್ಕೂ ಇಲ್ಲಿ ವಿರೋಧವಿಲ್ಲ.