ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಔಷಧಸೇವನೆಯ ಮೇಲ್ವಿಚಾರಣೆ: ಕ್ವಿನೈನಿನಿಂದ ಎಚ್‌.ಐ.ವಿ. ಚಿಕಿತ್ಸೆಯವರೆಗೆ

ರೋಗಿಗೆ ಮದ್ದನ್ನು ಕೊಡುವುದು ಒಂದು ಕಾರ್ಯ. ಅವನು ಅದನ್ನು ನಿಯತವಾಗಿ ಸೇವಿಸುವಂತೆ ನೋಡಿಕೊಳ್ಳುವುದು ಬೇರೊಂದು ಕಾರ್ಯ. ಮೊದಲನೆಯದರ ಚರಿತ್ರೆ ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ವಿಪುಲವಾಗಿದೆ. ಎರಡನೆಯದು ಬಹುಮಟ್ಟಿಗೆ ಆಡಳಿತದ ಹಾಗೂ ಸಮಾಜದ ಚರಿತ್ರೆ. ಅದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಆಧಿಪತ್ಯಕ್ಕೆ ಸೇರಿದ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗವು ಚಳಿಜ್ವರಕ್ಕೆ ಕುಖ್ಯಾತವಾಗಿತ್ತು. ಇಲ್ಲಿ ಮಲೇರಿಯಾವನ್ನು ಹರಡುತ್ತಿದ್ದ ‘ಅನಾಫೆಲಿಸ್ ಫ್ಲುವಿಯಾಟಿಲಿಸ್’ ಸೊಳ್ಳೆ ಮೆಲ್ಲನೆ ಹರಿಯುವ ತಿಳಿನೀರಿನಲ್ಲಿ ಬೆಳೆಯುವಂಥದು; ಅಡಕೆ ತೋಟಗಳಾದರೋ ಹಳ್ಳದ ಮಗ್ಗುಲಲ್ಲಿಯೇ ಇರತಕ್ಕವು. ಕ್ವಿನೈನ್ ಇದ್ದಿತು. ಬಂಗಾಳದಲ್ಲಿ 1892ರಿಂದ ಅದರ ಪೊಟ್ಟಣವನ್ನು ಅಂಚೆಕಚೇರಿಗಳಲ್ಲಿಯೇ ಒಂದು ಪೈಸೆಗೆ ಮಾರುವ ಏರ್ಪಾಡು ಆಯಿತು. ಆದರೆ ಪೊಟ್ಟಣ ಮನೆ ಸೇರಿದ ಮಾತ್ರಕ್ಕೆ ಮದ್ದು ಹೊಟ್ಟೆ ಸೇರಿತೆಂದು ಹೇಳುವಂತಿಲ್ಲ. ಕಹಿಯಾದ, ಕಿವಿ ಗುಂಯ್ಗುಡಿಸುವ ಆ ಮದ್ದನ್ನು ಜ್ವರ ಇಳಿದೊಡನೆ ಬಿಡುವುದು ಸಹಜವಾಗಿತ್ತು.

1946ರಲ್ಲಿ ಡಿ. ಕೆ. ವಿಶ್ವನಾಥನ್, ಟಿ. ರಾಮಚಂದ್ರ ರಾವ್ ಇವರು ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಕೈಕೊಂಡರು. 1953ರ ರಾಷ್ಟ್ರೀಯ ಯೋಜನೆಗೆ ಈ ಅನುಭವವು ಮುಖ್ಯ ಆಧಾರಗಳಲ್ಲೊಂದಾಯಿತು. ಇದರ ಯಶಸ್ಸಿನ ಒಂದು ಕಾರಣವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ: ಡಿ.ಡಿ.ಟಿ. ರೋಗಿಯಿಂದ ಏನನ್ನೂ ಬೇಡಲಿಲ್ಲ. ಗೋಡೆಗೆ ಮರೆವೂ ಇಲ್ಲ, ಬೇಸರವೂ ಇಲ್ಲ. 1958ರ ನಿರ್ಮೂಲನ ಯೋಜನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮನೆ ಮನೆಗೆ ಬಂದು ರಕ್ತದ ಲೇಪ ತೆಗೆದು ಕ್ಲೋರೋಕ್ವಿನ್ ಕೊಡುವ ಕಾರ್ಯಕರ್ತರ ವ್ಯವಸ್ಥೆ ಬಂದಿತು. ಒಂದೇ ಸಲದ ಮದ್ದಾದ್ದರಿಂದ ಅದನ್ನು ಎದುರಿಗೇ ನುಂಗಿಸುವುದು ಕಷ್ಟವಲ್ಲ.

ಕ್ಷಯರೋಗದಲ್ಲಿ ಹೀಗಲ್ಲ, ತಿಂಗಳುಗಟ್ಟಲೆ ಮದ್ದು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರವು, ಮನೆಯಲ್ಲಿದ್ದುಕೊಂಡು ಪಡೆದ ಚಿಕಿತ್ಸೆಯೂ ಆರೋಗ್ಯಧಾಮದ ಚಿಕಿತ್ಸೆಯಷ್ಟೇ ಫಲಕಾರಿಯೆಂದು 1959ರಲ್ಲಿ ತೋರಿಸಿತು. ಮದ್ದನ್ನು ಸೇವಿಸಿದರೋ ಇಲ್ಲವೋ ಎಂದು ಮೂತ್ರಪರೀಕ್ಷೆಯಿಂದ ತಿಳಿಯುವ ಕ್ರಮವೂ ಅಲ್ಲಿ ಇದ್ದಿತು. ಕಣ್ಣೆದುರು ಮದ್ದು ನುಂಗಿಸುವ ಪದ್ಧತಿಯ ಬೇರುಗಳು ಇಲ್ಲಿವೆ. 1997ರ ಪರಿಷ್ಕೃತ ಕ್ಷಯನಿಯಂತ್ರಣ ಕಾರ್ಯಕ್ರಮವು ಅದನ್ನೇ ದೇಶದ ನಿಯಮವನ್ನಾಗಿಸಿತು. 2006ರ ವೇಳೆಗೆ ದೇಶವೆಲ್ಲ ಅದರ ವ್ಯಾಪ್ತಿಗೆ ಬಂದಿತು. ಆಗ ವಾರಕ್ಕೆ ಮೂರು ಸಲ ಅಂಗನವಾಡಿಯ ಕಾರ್ಯಕರ್ತೆಯೋ ಆರೋಗ್ಯ ಸಹಾಯಕಿಯೋ ಸಾಕ್ಷಿಯಾಗಿ ನಿಲ್ಲಬೇಕಾಗಿತ್ತು. ಮನೆಯಿಂದ ಮನೆಗೆ ಕಾಡು, ಹಳ್ಳ ದಾಟಬೇಕಾದ ಮಲೆನಾಡಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಇದರ ಭಾರವೆಷ್ಟೆಂಬುದನ್ನು ಬಯಲುನಾಡಿನವರು ಊಹಿಸುವುದು ಕಷ್ಟ.

ಎಚ್‌.ಐ.ವಿ. ಸೋಂಕಿಗೆ 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತ ಔಷಧ ನೀಡತೊಡಗಿದಾಗ ಇದೇ ಪದ್ಧತಿಯನ್ನು ಅನುಸರಿಸಬಾರದೇಕೆ ಎಂಬ ಪ್ರಶ್ನೆ ಎದ್ದುದು ಸ್ವಾಭಾವಿಕ. ಹೈತಿಯ ಕಾಂಜ್ ಗ್ರಾಮದಲ್ಲಿ ಪಾಲ್ ಫಾರ್ಮರ್ ಮತ್ತು ಸಂಗಡಿಗರು ನೆರೆಯವರನ್ನೇ ಸಂಗಾತಿಗಳನ್ನಾಗಿ ನೇಮಿಸಿ, 1990ರ ದಶಕದ ಕೊನೆಯಲ್ಲಿಯೇ ಇದನ್ನು ನಡೆಸಿದ್ದರು. ಆದರೆ ಕ್ಷಯದ ಮದ್ದಿಗೆ ಕೊನೆಯುಂಟು. ಈ ಮದ್ದು ಜೀವಾವಧಿ. ಜೀವಮಾನವೆಲ್ಲ ಸಾಕ್ಷಿಯಾಗಿ ನಿಲ್ಲುವವರು ಯಾರು? 2009ರಲ್ಲಿ ಪ್ರಕಟವಾದ ಹತ್ತು ಪ್ರಯೋಗಗಳ ಸಮೀಕ್ಷೆಯು, ಎದುರಿಗೆ ನುಂಗಿಸುವುದರಿಂದ ಸ್ವಸೇವನೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲವೆಂದಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ದಕ್ಷಿಣ ಭಾರತದ ಮೂರು ಕೇಂದ್ರಗಳ 631 ರೋಗಿಗಳಲ್ಲಿ, ವಾರಕ್ಕೊಮ್ಮೆ ದೂರವಾಣಿಯಿಂದ ನೆನಪಿಸುವ ಪ್ರಯೋಗ ಮಾಡಿದರು. 2014ರಲ್ಲಿ ಪ್ರಕಟವಾದ ಅದರ ಫಲಿತಾಂಶವೂ ನಿರಾಶಾದಾಯಕವೇ.

ನಮ್ಮ ಅಭಿಪ್ರಾಯದಲ್ಲಿ ಕೊರತೆ ನೆನಪಿನದಲ್ಲ. ಒಂದು ಮನೆಗೆ ಬಂದ ಅಪರಿಚಿತನ ಸುದ್ದಿ ಸಂಜೆಯೊಳಗೆ ಕೇರಿಯೆಲ್ಲ ಹಬ್ಬುವ ಊರಿನಲ್ಲಿ, ಪ್ರತಿದಿನ ಗುಳಿಗೆ ನುಂಗಿಸಲು ಬರುವವನು ರೋಗವನ್ನು ಡಂಗುರ ಸಾರಿದಂತೆಯೇ ಸರಿ. ಹತ್ತಿರದ ಆಸ್ಪತ್ರೆಯನ್ನು ಬಿಟ್ಟು, ಗುರುತಿನವರಿಲ್ಲದ ದೂರದ ಕೇಂದ್ರಕ್ಕೆ ಹೋಗಿ ಔಷಧ ತರುವ ರೋಗಿಗಳು ದೇಶದ ನಾನಾ ಭಾಗಗಳಲ್ಲಿದ್ದಾರೆ. ಅವರ ವರ್ತನೆಯನ್ನು ಅಜ್ಞಾನವೆನ್ನುವುದು ಅನ್ಯಾಯ. ಸಾಕ್ಷಿಯನ್ನು ರೋಗಿಯೇ ಆರಿಸಿಕೊಂಡಲ್ಲಿ, ಅದು ಹೆಂಡತಿಯಾಗಲಿ, ಅಣ್ಣನಾಗಲಿ, ಅದೇ ರೋಗವುಳ್ಳ ಗೆಳೆಯನಾಗಲಿ, ಮೇಲ್ವಿಚಾರಣೆಯ ಸ್ವರೂಪವೇ ಬೇರೆಯಾಗುತ್ತದೆ.

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಶಾಸನವು ರೋಗಿಯ ಸಮ್ಮತಿಯಿಲ್ಲದೆ ಅವನ ಸೋಂಕಿನ ವಿಷಯವನ್ನು ಹೊರಗೆಡಹುವುದನ್ನು ನಿಷೇಧಿಸಿದೆ. ಆದಕಾರಣ ಮಲೇರಿಯಾ ಕಾಲದ ವರದಿಗಳನ್ನು ಊರೂರಿನ ಹೆಸರು ಹಿಡಿದು ಓದಬಲ್ಲ ಸಂಶೋಧಕನಿಗೆ, ಈ ಮೂರು ತಾಲ್ಲೂಕುಗಳ ಎಚ್‌.ಐ.ವಿ. ಚಿಕಿತ್ಸೆಯ ಕಡತಗಳು ಹಾಗೆ ದೊರೆಯಲಾರವು, ದೊರೆಯಲೂಬಾರದು. ತಾವಾಗಿ ಹೇಳಬಯಸುವವರ ಮಾತುಗಳನ್ನು, ಹೆಸರು ಮರೆಮಾಡಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಈ ಭಾಗದ ಕಾಲೇಜುಗಳ ಇತಿಹಾಸ ವಿಭಾಗಗಳು ಇನ್ನೂ ತಡಮಾಡದೆ ಕೈಕೊಳ್ಳಬಹುದು.