ಹೇಮಾವತಿ ಜಲಾಶಯ ಹಾಗೂ ಸುತ್ತಲಿನ ಕೆರೆಗಳಲ್ಲಿ ವಲಸೆ ಹಕ್ಕಿಗಳ ವೀಕ್ಷಣೆ ಮತ್ತು ದಾಖಲೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಜಲಾಶಯ, ಹೊಳೆ ಹಾಗೂ ಕೆರೆಗಳಿಗೆ ಪ್ರತಿ ವರ್ಷ ಮಳೆಗಾಲದ ಕೊನೆಯಿಂದ ಬೇಸಿಗೆಯ ಆರಂಭದವರೆಗೆ ದೂರದೇಶದ ಹಕ್ಕಿಗಳು ವಲಸೆ ಬರುತ್ತವೆ. ಇವುಗಳನ್ನು ವೀಕ್ಷಿಸಿ ದಾಖಲಿಸಲು ಇಚ್ಛಿಸುವ ನಾಗರಿಕರು, ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಉಪಯೋಗಕ್ಕಾಗಿ ವೀಕ್ಷಣೆಯ ಕಾಲ, ದಾಖಲೆಯ ವಿಧಾನ, ಪಡೆಯಬೇಕಾದ ಅನುಮತಿ ಹಾಗೂ ಅನ್ವಯಿಸುವ ಕಾನೂನುಗಳ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಮಂಡ್ಯ ಜಿಲ್ಲೆಯ ರಂಗನತಿಟ್ಟು 1940ರಲ್ಲಿಯೇ ಪಕ್ಷಿಧಾಮವೆಂದು ಘೋಷಿತವಾಗಿದ್ದು, 2022ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿದೆ. ಹೇಮಾವತಿ ಜಲಾಶಯ ಮತ್ತು ಅದರ ಸುತ್ತಲಿನ ಕೆರೆಗಳು ನೀರಾವರಿಗಾಗಿ ನಿರ್ಮಾಣವಾದವು. 2017ರ ಜೌಗುಭೂಮಿ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು ನೀರಾವರಿಗಾಗಿ ಕಟ್ಟಿದ ಜಲಕಾಯಗಳನ್ನು ಜೌಗುಭೂಮಿಯ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಆದುದರಿಂದ ಇಂತಹ ಕೆರೆಯೊಂದಕ್ಕೆ ಬರುವ ಹಕ್ಕಿಗಳ ಸಂಖ್ಯೆ ಕುಗ್ಗಿದರೆ, ಹಿಂದಿನ ವರ್ಷಗಳ ಲಿಖಿತ ದಾಖಲೆ ಇಲ್ಲದ ಪಕ್ಷದಲ್ಲಿ, ಅದನ್ನು ತೋರಿಸಿಕೊಡಲು ಯಾವ ಆಧಾರವೂ ಉಳಿಯುವುದಿಲ್ಲ. ಸ್ಥಳೀಯ ನಾಗರಿಕರ ದಾಖಲೆಗೆ ಪ್ರಾಮುಖ್ಯ ಬಂದಿರುವುದು ಈ ಕಾರಣದಿಂದ.

ಇದಕ್ಕೆ ನಿದರ್ಶನವಾಗಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗಳನ್ನು ಗಮನಿಸಬಹುದು. ಇವೆರಡೂ ಮೂಲತಃ ನೀರಾವರಿಗಾಗಿ ಕಟ್ಟಿದ ಕೆರೆಗಳೇ ಆಗಿದ್ದು, 2024ರಲ್ಲಿ ರಾಮ್ಸರ್ ಮನ್ನಣೆ ಪಡೆದಿವೆ. ಒಂದು ಪ್ರಭೇದದ ಒಟ್ಟು ಸಂಖ್ಯೆಯ ಶೇಕಡ 1ರಷ್ಟು ಹಕ್ಕಿಗಳು ನಿಯತವಾಗಿ ಬರುವುದು ಈ ಮನ್ನಣೆಯ ಮಾನದಂಡಗಳಲ್ಲಿ ಒಂದು. ನಿಯತವಾಗಿ ಬರುತ್ತವೆ ಎಂಬುದನ್ನು ಹಲವು ವರ್ಷಗಳ ಎಣಿಕೆಯಿಂದ ಮಾತ್ರ ಸ್ಥಾಪಿಸಲು ಸಾಧ್ಯ.

2. ಪ್ರದೇಶದ ಪರಿಚಯ

ಕಾವೇರಿಯ ಉಪನದಿಯಾದ ಹೇಮಾವತಿಗೆ ಹಾಸನ ತಾಲ್ಲೂಕಿನ ಗೊರೂರಿನಲ್ಲಿ ಅಣೆಕಟ್ಟೆ ನಿರ್ಮಿಸಲಾಗಿದ್ದು, ಕಾಮಗಾರಿ 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಒಟ್ಟು ಸಂಗ್ರಹ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಎಡದಂಡೆ ನಾಲೆಯ ನೀರು ಚನ್ನರಾಯಪಟ್ಟಣದ ಕಡೆಗೂ, ಮುಂದೆ ತುಮಕೂರು ಜಿಲ್ಲೆಗೂ ತಲುಪುತ್ತದೆ. ವೀಕ್ಷಕರ ಅನುಕೂಲಕ್ಕಾಗಿ ಈ ಪ್ರದೇಶವನ್ನು ಮೂರು ಬಗೆಯಾಗಿ ವಿಂಗಡಿಸಬಹುದಾಗಿದೆ.

(ಅ) ಜಲಾಶಯ ಮತ್ತು ಹಿನ್ನೀರು: ಗೊರೂರು ಹಾಗೂ ಶೆಟ್ಟಿಹಳ್ಳಿ ಸುತ್ತಲಿನ ವಿಶಾಲ ನೀರು ಮತ್ತು ನೀರಿಳಿದಾಗ ತೆರೆದುಕೊಳ್ಳುವ ಕೆಸರುಭೂಮಿ.

(ಆ) ಹೊಳೆಯ ದಡ: ಹೊಳೆನರಸೀಪುರದಲ್ಲಿ ಹೇಮಾವತಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ. ಬಂಡೆ ಮತ್ತು ಮರಳಿನ ದಡಗಳಲ್ಲಿ ಬಾಲ ಕುಣಿಸುತ್ತ ಓಡಾಡುವ ಸಿಪಿಲೆಗಳು ಹಾಗೂ ಗದ್ದೆಗೊರವಗಳನ್ನು ಇಲ್ಲಿ ನೋಡಬಹುದು.

(ಇ) ಕೆರೆ ಮತ್ತು ಬಯಲು: ಚನ್ನರಾಯಪಟ್ಟಣ ತಾಲ್ಲೂಕಿನ ಕೆರೆಗಳು, ಅಚ್ಚುಕಟ್ಟಿನ ಗದ್ದೆಗಳು ಮತ್ತು ಒಣಬಯಲು. ಆಳವಿಲ್ಲದ ಕೆರೆಗಳನ್ನು ಬಾತುಗಳೂ, ಬಯಲನ್ನು ಸೆಳೆವಗಳೂ ಆಶ್ರಯಿಸುತ್ತವೆ.

3. ನೀರಿನ ಮಟ್ಟಕ್ಕೂ ಹಕ್ಕಿಗಳಿಗೂ ಇರುವ ಸಂಬಂಧ

ಜಲಾಶಯ ತುಂಬಿರುವಾಗ ದಡದವರೆಗೂ ಆಳವಾದ ನೀರು ನಿಲ್ಲುತ್ತದೆ. ಆಗ ಕೆಸರಿನಲ್ಲಿ ಹುಳು ಹುಡುಕುವ ಗೊರವಗಳಿಗೆ ಕಾಲೂರಲು ಸ್ಥಳವಿಲ್ಲದೆ ಅವು ಕೆರೆ ಮತ್ತು ಗದ್ದೆಗಳಿಗೆ ಸರಿಯುತ್ತವೆ. ನಾಲೆಗೆ ನೀರು ಹರಿದು ಮಟ್ಟ ಇಳಿದಂತೆ ಕೆಸರುಭೂಮಿ ತೆರೆದುಕೊಂಡು ಹಕ್ಕಿಗಳು ಮರಳುತ್ತವೆ. ಆದ್ದರಿಂದ ಒಂದು ವರ್ಷ ಹಕ್ಕಿಗಳು ಕಡಿಮೆ ಕಂಡಮಾತ್ರಕ್ಕೆ ಅವುಗಳ ಸಂತತಿ ಕ್ಷೀಣಿಸಿದೆ ಎಂದು ತೀರ್ಮಾನಿಸಲಾಗದು; ಆ ದಿನದ ನೀರಿನ ಮಟ್ಟವನ್ನೂ ಬರೆದಿಟ್ಟಿದ್ದರೆ ಮಾತ್ರ ಎರಡು ವರ್ಷಗಳ ಹೋಲಿಕೆ ಸಾಧ್ಯ.

ಅಧಿಕೃತ ಮಟ್ಟವು ದಿನಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಜೊತೆಗೆ ಒಂದು ಸ್ಥಿರ ಗುರುತನ್ನು ಇಟ್ಟುಕೊಳ್ಳುವುದು ಸೂಕ್ತ. ಶೆಟ್ಟಿಹಳ್ಳಿಯ ಹಳೆಯ ರೋಸರಿ ಚರ್ಚಿನ ಗೋಡೆಗಳು ಜಲಾಶಯ ತುಂಬಿದಾಗ ಭಾಗಶಃ ಮುಳುಗಿ, ಬೇಸಿಗೆಯಲ್ಲಿ ಪೂರ್ಣವಾಗಿ ಹೊರಬರುತ್ತವೆ. ನೀರು ಗೋಡೆಯ ಯಾವ ಭಾಗದವರೆಗೆ ಇದೆ ಎಂದು ಬರೆದರೂ ಉಪಯುಕ್ತ ದಾಖಲೆಯಾಗುತ್ತದೆ. ಕೆರೆಗಳಲ್ಲಿ ತೂಬಿನ ಕಲ್ಲುಕಂಬ ಅಥವಾ ಕೋಡಿಯನ್ನು ಗುರುತಾಗಿ ಬಳಸಬಹುದು.

4. ವಲಸೆಯ ವಾರ್ಷಿಕ ಕ್ರಮ

ಆಗಸ್ಟ್ – ಸೆಪ್ಟೆಂಬರ್: ಮೊದಲು ಬರುವವು ಗದ್ದೆಗೊರವಗಳು ಮತ್ತು ಬೂದು ಸಿಪಿಲೆ. ಗುಲಾಬಿ ಕಬ್ಬಕ್ಕಿಯ ಹಿಂಡುಗಳೂ ಆರಂಭವಾಗುತ್ತವೆ. ಪ್ರತಿ ಪ್ರಭೇದ ಮೊದಲು ಕಂಡ ದಿನಾಂಕವನ್ನು ತಪ್ಪದೆ ಬರೆದಿಡತಕ್ಕದ್ದು.

ಅಕ್ಟೋಬರ್ – ನವೆಂಬರ್: ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಸಲಿಕೆಯಂತಹ ಅಗಲ ಕೊಕ್ಕಿನ ಬಾತುಗಳು ಹಾಗೂ ಜೌಗು ಸೆಳೆವ ಬರುತ್ತವೆ. ಸಂಜೆ ಕೆರೆಯ ಜೊಂಡಿನ ಮೇಲೆ ಕವಲುತೋಕೆಗಳು ಗುಂಪುಗೂಡುತ್ತವೆ.

ಡಿಸೆಂಬರ್ – ಫೆಬ್ರವರಿ: ಸಂಖ್ಯೆ ಸಾಮಾನ್ಯವಾಗಿ ಗರಿಷ್ಠವಾಗಿದ್ದು ಸ್ಥಿರವಾಗಿರುವ ಕಾಲ. ಎಣಿಕೆಗೆ ಇದೇ ಸೂಕ್ತ.

ಮಾರ್ಚ್ – ಏಪ್ರಿಲ್: ಮರುವಲಸೆ. ಪ್ರತಿ ಪ್ರಭೇದ ಕೊನೆಯದಾಗಿ ಕಂಡ ದಿನಾಂಕವು ಮೊದಲ ದಿನಾಂಕದಷ್ಟೇ ಮುಖ್ಯ. ಆದರೆ ಹಕ್ಕಿ ಹೊರಟುಹೋದದ್ದು ಅಂದೇ ತಿಳಿಯುವುದಿಲ್ಲವಾದ್ದರಿಂದ ಈ ಅವಧಿಯಲ್ಲಿ ಭೇಟಿಯನ್ನು ನಿಲ್ಲಿಸಬಾರದು.

ಮೇ – ಜುಲೈ: ಬಹುತೇಕ ವಲಸೆ ಹಕ್ಕಿಗಳು ಇರುವುದಿಲ್ಲ. ವರಟೆ, ನಾಮದ ಕೋಳಿ, ಟಿಟ್ಟಿಭ, ನೀರುಕಾಗೆಗಳಂತಹ ನೆಲೆಸಿಗ ಹಕ್ಕಿಗಳನ್ನು ದಾಖಲಿಸಬೇಕು. ಬೇಸಿಗೆಯಲ್ಲಿ ರೀವ ಮತ್ತು ಟಿಟ್ಟಿಭಗಳು ಬರಿನೆಲದ ಮೇಲೆಯೇ ಮೊಟ್ಟೆಯಿಡುವುದರಿಂದ ನೀರಿಳಿದ ದಡ ಹಾಗೂ ನಡುಗಡ್ಡೆಗಳಲ್ಲಿ ನಡೆದಾಡುವುದನ್ನು ತಪ್ಪಿಸತಕ್ಕದ್ದು.

ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬಾಯ್ಕಳಕಗಳು ವಿದೇಶದಿಂದ ಬಂದವಲ್ಲ. ನೀರು ಮತ್ತು ಮೀನು ಇರುವೆಡೆಗೆ ನಾಡಿನೊಳಗೇ ಸಂಚರಿಸುವಂತಹವು. ಇವನ್ನು ಪ್ರತ್ಯೇಕವಾಗಿ ನಮೂದಿಸಬೇಕು.

5. ದಾಖಲೆ ಬರೆಯುವ ವಿಧಾನ

ಪ್ರತಿ ಭೇಟಿಯ ದಾಖಲೆಯು ಈ ಕೆಳಕಂಡ ಅಂಶಗಳನ್ನು ಒಳಗೊಂಡಿರತಕ್ಕದ್ದು.

1) ದಿನಾಂಕ, ಆರಂಭದ ಹಾಗೂ ಮುಕ್ತಾಯದ ವೇಳೆ.
2) ಕೆರೆ ಅಥವಾ ಸ್ಥಳದ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು. ಒಂದೇ ಹೆಸರಿನ ಹಲವು ಕೆರೆಗಳಿರುವುದರಿಂದ ಗ್ರಾಮದ ಹೆಸರು ಕಡ್ಡಾಯ.
3) ನಿಂತು ನೋಡಿದ ಸ್ಥಳ: ಏರಿಯ ಯಾವ ತುದಿ, ಯಾವ ದಿಕ್ಕು.
4) ನೀರಿನ ಮಟ್ಟ ಮತ್ತು ಹವಾಮಾನ.
5) ಪ್ರತಿ ಪ್ರಭೇದದ ಹೆಸರು ಮತ್ತು ಸಂಖ್ಯೆ.
6) ಕಂಡ ಅಡಚಣೆ: ಬಲೆ, ದೋಣಿ, ಮಣ್ಣು ತೆಗೆಯುವಿಕೆ, ಕಸ, ಬೀದಿನಾಯಿ.
7) ವೀಕ್ಷಕರ ಸಂಖ್ಯೆ.

ಮಾದರಿ ನಮೂದು (ಕಲ್ಪಿತ): "ಜನವರಿ 12, ಬೆಳಿಗ್ಗೆ 7-00ರಿಂದ 8-30. ಕೆರೆ ಏರಿಯ ಪೂರ್ವ ತುದಿ. ನೀರು ತೂಬಿನ ಕಂಬದ ಅರ್ಧದವರೆಗೆ. ಸೂಜಿಬಾಲದ ಬಾತು 140 (ಅಂದಾಜು), ನಾಮದ ಕೋಳಿ 62 (ಎಣಿಕೆ), ಗದ್ದೆಗೊರವ 5 (ಪ್ರಭೇದ ತಿಳಿಯಲಿಲ್ಲ). ಪಶ್ಚಿಮ ದಡದಲ್ಲಿ ಒಂದು ಬಲೆ."

ಎಣಿಸಿದ್ದು ಯಾವುದು, ಅಂದಾಜು ಯಾವುದು ಎಂಬುದನ್ನು ಮೇಲಿನಂತೆ ಪ್ರತ್ಯೇಕವಾಗಿ ತೋರಿಸಬೇಕು. ದೊಡ್ಡ ಹಿಂಡಿದ್ದಲ್ಲಿ ಮೊದಲು 10 ಹಕ್ಕಿಗಳನ್ನು ಎಣಿಸಿ, ಅಷ್ಟು ಹಕ್ಕಿಗಳು ಆಕ್ರಮಿಸುವ ಜಾಗವನ್ನು ಗಮನಿಸಿ, ಅಂತಹ ಗುಂಪುಗಳು ಎಷ್ಟಿವೆ ಎಂದು ಲೆಕ್ಕ ಹಾಕಬಹುದು. ಹಿಂಡು ಹಾರಿ ಮತ್ತೊಂದೆಡೆ ಇಳಿದರೆ ಎರಡು ಬಾರಿ ಎಣಿಸಬಾರದು. ಗುರುತು ಖಚಿತವಾಗದಿದ್ದಲ್ಲಿ "ಬಾತು, ಪ್ರಭೇದ ತಿಳಿಯಲಿಲ್ಲ" ಎಂದು ಬರೆಯುವುದೇ ಸರಿಯಾದ ದಾಖಲೆ. ಊಹೆಯ ಹೆಸರು ಒಮ್ಮೆ ದಾಖಲೆ ಸೇರಿದರೆ ತೆಗೆಯುವುದು ಕಷ್ಟ.

ಸೂರ್ಯನು ಬೆನ್ನ ಹಿಂದಿರುವಂತೆ ನಿಲ್ಲಬೇಕು. ಅಂದರೆ ಬೆಳಿಗ್ಗೆ ಪೂರ್ವ ದಡ, ಸಂಜೆ ಪಶ್ಚಿಮ ದಡ. 8 ಅಥವಾ 10 ಪಟ್ಟು ಹಿಗ್ಗಿಸುವ ದುರ್ಬೀನು ಸಾಕಾಗುತ್ತದೆ.

6. "ಹಕ್ಕಿ ಇಲ್ಲ" ಎಂಬ ದಾಖಲೆ

ಹಕ್ಕಿಗಳು ಕಾಣದ ದಿನ ಏನನ್ನೂ ಬರೆಯದೆ ಮರಳುವುದು ಸಾಮಾನ್ಯವಾಗಿ ಆಗುವ ಲೋಪ. ಹೀಗೆ ಮಾಡಿದಲ್ಲಿ, ಆ ದಿನ ಹಕ್ಕಿಗಳಿರಲಿಲ್ಲವೋ ಅಥವಾ ನೋಡಲು ಯಾರೂ ಹೋಗಲಿಲ್ಲವೋ ಎಂಬುದು ಮುಂದಿನವರಿಗೆ ತಿಳಿಯುವುದಿಲ್ಲ. ಬತ್ತಿದ ಕೆರೆಗೆ ಹೋಗಿ "ನೀರಿಲ್ಲ, ಬಾತು 0" ಎಂದು ಬರೆದ ನಮೂದಿಗೆ ಸಾವಿರ ಹಕ್ಕಿಗಳನ್ನು ಕಂಡ ದಿನದ ನಮೂದಿನಷ್ಟೇ ಬೆಲೆಯಿದೆ. ತಿಂಗಳಿಗೊಮ್ಮೆ, ಒಂದೇ ಕೆರೆಗೆ, ಒಂದೇ ವೇಳೆಯಲ್ಲಿ, ಹಲವು ವರ್ಷ ಹೋಗಿ ಬರೆದ ದಾಖಲೆಯು ಅಪರೂಪದ ಹಕ್ಕಿಗಾಗಿ ಊರೂರು ತಿರುಗಿ ಬರೆದ ದಾಖಲೆಗಿಂತ ಹೆಚ್ಚು ಪ್ರಯೋಜನಕಾರಿ.

7. ದಾಖಲೆಗಳನ್ನು ಸಲ್ಲಿಸುವುದು

(ಅ) ಏಷ್ಯಾ ನೀರುಹಕ್ಕಿ ಗಣತಿ: 1987ರಲ್ಲಿ ಆರಂಭವಾದ ಈ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಾಗೂ ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಗಳು ಇದರ ಹೊಣೆ ಹೊತ್ತಿವೆ. ಸ್ವಯಂಸೇವಕರು ಭಾಗವಹಿಸಬಹುದು.

(ಆ) ಇ-ಬರ್ಡ್: ಅಂತರ್ಜಾಲ ಹಾಗೂ ಮೊಬೈಲ್ ಮೂಲಕ ವರ್ಷವಿಡೀ ಉಚಿತವಾಗಿ ಪಟ್ಟಿ ಸಲ್ಲಿಸುವ ವ್ಯವಸ್ಥೆ. ಕಂಡ ಎಲ್ಲ ಪ್ರಭೇದಗಳನ್ನು ಒಳಗೊಂಡ "ಸಂಪೂರ್ಣ ಪಟ್ಟಿ" ಸಲ್ಲಿಸಿದಾಗ, ಕಾಣದ ಪ್ರಭೇದಗಳ ಬಗೆಗೂ ಮಾಹಿತಿ ದೊರೆತಂತಾಗುತ್ತದೆ.

(ಇ) ಫೆಬ್ರವರಿಯಲ್ಲಿ 4 ದಿನಗಳ ಕಾಲ ನಡೆಯುವ ಜಾಗತಿಕ ಹಿತ್ತಲ ಹಕ್ಕಿ ಎಣಿಕೆ: ಭಾರತ 2013ರಿಂದ ಭಾಗವಹಿಸುತ್ತಿದೆ. ಶಾಲೆಗಳಿಗೆ ಸೂಕ್ತ.

ಇಂತಹ ದಾಖಲೆಗಳ ಆಧಾರದಿಂದಲೇ "ಭಾರತದ ಹಕ್ಕಿಗಳ ಸ್ಥಿತಿಗತಿ 2023" ವರದಿ ಸಿದ್ಧವಾಯಿತು. ಸುಮಾರು 30,000 ವೀಕ್ಷಕರ 3 ಕೋಟಿ ವೀಕ್ಷಣೆಗಳನ್ನು ಬಳಸಿ 942 ಪ್ರಭೇದಗಳನ್ನು ಪರಿಶೀಲಿಸಲಾಯಿತು. ದೀರ್ಘಾವಧಿಯ ಬದಲಾವಣೆಯನ್ನು ಅಳೆಯಲು ಸಾಧ್ಯವಾದ 338 ಪ್ರಭೇದಗಳಲ್ಲಿ 204 ಇಳಿಮುಖವಾಗಿರುವುದು ಕಂಡುಬಂದಿದೆ. ಉಳಿದ ನೂರಾರು ಪ್ರಭೇದಗಳ ದೀರ್ಘಾವಧಿಯ ಸ್ಥಿತಿಯನ್ನು ಹೇಳಲು ಸಾಕಷ್ಟು ದಾಖಲೆಗಳೇ ಇರಲಿಲ್ಲವೆಂಬುದು ಗಮನಾರ್ಹ.

ಕಾಲಿನಲ್ಲಿ ಉಂಗುರ ಅಥವಾ ಕೊರಳಿನಲ್ಲಿ ಬಣ್ಣದ ಪಟ್ಟಿ ಇರುವ ಹಕ್ಕಿ ಕಂಡಲ್ಲಿ ಬಣ್ಣ, ಅಕ್ಷರ ಮತ್ತು ಅಂಕಿಗಳನ್ನು ಬರೆದು, ಸಾಧ್ಯವಾದರೆ ಛಾಯಾಚಿತ್ರದೊಡನೆ, ಮೇಲ್ಕಂಡ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬೇಕು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಿಗೆ ಬಂದಿರುವುದು ತಿಳಿದುಬಂದದ್ದು ಇಂತಹ ವರದಿಗಳಿಂದಲೇ. ಉಂಗುರ ಓದುವ ಸಲುವಾಗಿ ಹಕ್ಕಿಯನ್ನು ಹಿಡಿಯುವಂತಿಲ್ಲ.

8. ಅನುಮತಿ ಮತ್ತು ಕಾನೂನು

ಸಾರ್ವಜನಿಕ ರಸ್ತೆ ಅಥವಾ ಕೆರೆ ಏರಿಯಿಂದ ಹಕ್ಕಿಗಳನ್ನು ನೋಡಲು ಸಾಮಾನ್ಯವಾಗಿ ಅನುಮತಿ ಬೇಕಾಗುವುದಿಲ್ಲ. ಅಣೆಕಟ್ಟೆಯ ಮೇಲ್ಭಾಗ, ಗೇಟುಗಳು ಮತ್ತು ನಾಲೆಯ ತೂಬುಗಳ ಬಳಿ ಅನುಮತಿಯಿಲ್ಲದೆ ಪ್ರವೇಶಿಸತಕ್ಕದ್ದಲ್ಲ. ಇದಕ್ಕಾಗಿ ಕಾವೇರಿ ನೀರಾವರಿ ನಿಗಮದ ಸಂಬಂಧಪಟ್ಟ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಬೇಕು. ಮೀಸಲು ಅರಣ್ಯ ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಡ್ರೋನ್ ಬಳಕೆಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಹಿಂಡುಗಳು ಬೆದರುವುದರಿಂದ ಹಕ್ಕಿಗಳ ಮೇಲೆ ಡ್ರೋನ್ ಹಾರಿಸಬಾರದು.

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕಾರ ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬಲೆಯೊಡ್ಡುವುದು, ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕದಡುವುದು ಸಹ ಬೇಟೆಯೇ. ಆದುದರಿಂದ ಗೂಡಿನ ಛಾಯಾಚಿತ್ರಕ್ಕಾಗಿ ಎಲೆ-ಕೊಂಬೆಗಳನ್ನು ಸರಿಸುವುದು, ಗೂಡಿರುವ ಸ್ಥಳವನ್ನು ಬಹಿರಂಗಪಡಿಸುವುದು ಸಲ್ಲದು. ಈ ಕಾಯ್ದೆಯ ಅನುಸೂಚಿಗಳು 2022ರ ತಿದ್ದುಪಡಿಯಿಂದ ಬದಲಾಗಿರುವುದರಿಂದ ಹಳೆಯ ಪಟ್ಟಿಗಳನ್ನು ಅವಲಂಬಿಸಬಾರದು.

9. ಕೆರೆಗೆ ಸಂಬಂಧಿಸಿದ ಮಾಹಿತಿ ಮತ್ತು ದೂರು

40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಸಾಮಾನ್ಯವಾಗಿ ಪಂಚಾಯತ್ ಸಂಸ್ಥೆಗಳಿಗೂ, 40ರಿಂದ 2000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೂ ಸೇರಿರುತ್ತವೆ. ಕೆರೆಯ ವಿಸ್ತೀರ್ಣ ಮತ್ತು ಗಡಿ ನಕ್ಷೆಯನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು. ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳನ್ನು ಮೀರದಂತಿರಬೇಕು. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಒತ್ತುವರಿ ಕಂಡುಬಂದಲ್ಲಿ ಗ್ರಾಮದ ಹೆಸರು ಹಾಗೂ ಸರ್ವೆ ನಂಬರ್ ಸಹಿತ ತಹಶೀಲ್ದಾರರಿಗೆ ದೂರು ನೀಡಬಹುದು. ದೂರಿನೊಡನೆ ದಿನಾಂಕಸಹಿತ ವೀಕ್ಷಣಾ ದಾಖಲೆ ಲಗತ್ತಿಸಿದರೆ, ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂಬುದನ್ನು ತೋರಿಸಲು ನೆರವಾಗುತ್ತದೆ.

10. ಸುರಕ್ಷತೆ

ಆಲೂರು, ಸಕಲೇಶಪುರ ಹಾಗೂ ಅರಕಲಗೂಡು ತಾಲ್ಲೂಕುಗಳ ಕೆಲವು ಭಾಗಗಳಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ, ಮುಂಜಾನೆ ಅಥವಾ ಸಂಜೆ ಹಿನ್ನೀರಿನ ಕಡೆಗೆ ಹೋಗುವ ಮುನ್ನ ಸ್ಥಳೀಯ ಅರಣ್ಯ ಸಿಬ್ಬಂದಿಯನ್ನು ವಿಚಾರಿಸಬೇಕು. ಮೇಲೆ ಒಣಗಿದಂತೆ ಕಾಣುವ ಕೆಸರಿನಲ್ಲಿ ಕಾಲು ಹೂತುಹೋಗುವ ಅಪಾಯವಿದೆ. ಒಬ್ಬರೇ ಹೋಗಬಾರದು; ಮಕ್ಕಳೊಡನೆ ಹಿರಿಯರು ಇರತಕ್ಕದ್ದು.

ಗಾಯಗೊಂಡ ಹಕ್ಕಿ ಅಥವಾ ಬೇಟೆ ಕಂಡುಬಂದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಹಲವು ಹಕ್ಕಿಗಳು ಒಟ್ಟಿಗೆ ಸತ್ತಿದ್ದರೆ ಬರಿಗೈಯಿಂದ ಮುಟ್ಟದೆ ಸಮೀಪದ ಪಶುವೈದ್ಯಾಲಯಕ್ಕೆ ಕೂಡಲೇ ತಿಳಿಸಬೇಕು.

11. ಮುಕ್ತಾಯ

ಹಕ್ಕಿಗಳ ಬಗ್ಗೆ ಪೂರ್ವಜ್ಞಾನ ಇಲ್ಲದವರೂ ತಮ್ಮ ಊರಿನ ಒಂದು ಕೆರೆ, ತಿಂಗಳಿಗೆ ಒಂದು ಬೆಳಗು, ಒಂದು ನೋಟುಪುಸ್ತಕ – ಇಷ್ಟರಿಂದ ಆರಂಭಿಸಬಹುದಾಗಿದೆ. ಶಾಲೆಗಳು ಇಂತಹ ಪುಸ್ತಕವನ್ನು ಶಾಲೆಯಲ್ಲಿಯೇ ಇರಿಸಿ, ತರಗತಿಯಿಂದ ತರಗತಿಗೆ ಹಸ್ತಾಂತರಿಸಿದಲ್ಲಿ ಹತ್ತು ವರ್ಷಗಳಲ್ಲಿ ಆ ಕೆರೆಯ ವಿಶ್ವಾಸಾರ್ಹ ಚರಿತ್ರೆ ಸಿದ್ಧವಾಗುತ್ತದೆ. ಈ ಕಾರ್ಯದಲ್ಲಿ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.